ಎರಡು ಕಾರ್ಬುರೇಟರುಗಳ ತಕ್ಕಡಿ

ಯಂತ್ರಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಎರಡು ತುದಿಗಳಿಂದ ಓದುತ್ತೇವೆ. ಒಂದು ತುದಿಯಲ್ಲಿ ಅದನ್ನು ಕಂಡುಹಿಡಿದವನ ಹೆಸರಿರುತ್ತದೆ, ಇನ್ನೊಂದರಲ್ಲಿ ಅದನ್ನು ಮಾರಿದ ಕಂಪನಿಯ ಹೆಸರು. ಇವೆರಡರ ನಡುವೆ, ಆ ಯಂತ್ರವನ್ನು ದಶಕಗಳ ಕಾಲ ಕೆಡದಂತೆ ಓಡಿಸಿಕೊಂಡು ಬಂದವರ ಹೆಸರು ಎಲ್ಲೂ ಸಿಗುವುದಿಲ್ಲ. ಹಳೆಯ ಮೋಟಾರು ಸೈಕಲ್ಲಿನ ಎರಡು ಕಾರ್ಬುರೇಟರುಗಳನ್ನು ಸಮತೋಲಕ್ಕೆ ತರುವ ಕೆಲಸ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಬಹುದು. ಆದರೆ ಈ ಬಿಟ್ಟುಹೋದ ಚರಿತ್ರೆಯನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕಾರ್ಬುರೇಟರಿನ ಕೆಲಸ ಸರಳ. ಎಂಜಿನ್ ಗಾಳಿಯನ್ನು ಒಳಕ್ಕೆಳೆಯುವಾಗ ಆ ಗಾಳಿ ಕಿರಿದಾದ ಗಂಟಲಿನಲ್ಲಿ ಹಾದುಹೋಗುತ್ತದೆ. ಅಲ್ಲಿ ಅದರ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಿನಿಂದ ಪೆಟ್ರೋಲು ಸಣ್ಣ ರಂಧ್ರದ ಮೂಲಕ ಮೇಲೆದ್ದು ಗಾಳಿಯೊಂದಿಗೆ ಬೆರೆಯುತ್ತದೆ. ಬುಡಾಪೆಸ್ಟಿನ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೋಂಕಾ 1893ರಲ್ಲಿ ಇಂಥದೊಂದು ಸಾಧನಕ್ಕೆ ಪೇಟೆಂಟ್ ಪಡೆದರು. ಹೂ ಮಾರುವ ಹುಡುಗಿಯೊಬ್ಬಳು ಹೂವಿಗೆ ನೀರು ಸಿಂಪಡಿಸುವುದನ್ನು ಕಂಡು ಅವರಿಗಿದು ಹೊಳೆಯಿತೆಂಬ ಕತೆಯೂ ಇದೆ. ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ ಕೂಡ ಅದೇ ಕಾಲದಲ್ಲಿ ಇದೇ ತತ್ವದ ಮೇಲೆ ಕೆಲಸ ಮಾಡುತ್ತಿದ್ದ.

ಕುತೂಹಲದ ಸಂಗತಿಯೆಂದರೆ, ಕಾರ್ಬುರೇಟರಿನ ಬಟ್ಟಲಲ್ಲಿರುವ ತೇಲುಬುರುಡೆಯ ಚರಿತ್ರೆ ಇದಕ್ಕಿಂತ ಬಹಳ ಹಳೆಯದು. ಪೆಟ್ರೋಲಿನ ಮಟ್ಟ ಏರಿದಾಗ ಬುರುಡೆ ತೇಲಿ ಬಾಗಿಲು ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ. ದ್ರವದ ಮಟ್ಟವನ್ನು ತಾನಾಗಿಯೇ ಕಾಯುವ ಈ ಉಪಾಯವನ್ನು ಅಲೆಕ್ಸಾಂಡ್ರಿಯಾದ ಗ್ರೀಕರು ನೀರಿನ ಗಡಿಯಾರಗಳಲ್ಲಿ ಬಳಸಿದ್ದರು. 9ನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸಹೋದರರು ತಮ್ಮ ಯಂತ್ರಗ್ರಂಥದಲ್ಲಿ ಅದನ್ನು ಬೆಳೆಸಿದರು. 1206ರಲ್ಲಿ ಗ್ರಂಥ ಮುಗಿಸಿದ ಅಲ್ ಜಝರಿ ತನ್ನ ಗಡಿಯಾರಗಳಲ್ಲಿ ತೇಲುಬುರುಡೆಯನ್ನೂ ಶಂಕುವಿನಾಕಾರದ ಮುಚ್ಚಳವನ್ನೂ ಜೋಡಿಸಿದ. ಇವರಿಂದ ಕಾರ್ಬುರೇಟರಿಗೆ ನೇರ ಗೆರೆ ಎಳೆಯುವುದು ಸರಿಯಲ್ಲ. ಆದರೆ ಅಲ್ ಜಝರಿಯಲ್ಲಿ ಗಮನಿಸಬೇಕಾದ ಗುಣ ಬೇರೊಂದಿದೆ. ಅವನು ಸ್ವತಃ ಕಸುಬುದಾರ. ಬೇರೆಯವರೂ ಕಟ್ಟಲು ಬರುವಂತೆ ಅಳತೆ, ಲೋಹ, ಜೋಡಣೆಯ ಕ್ರಮ ಎಲ್ಲವನ್ನೂ ಬರೆದಿಟ್ಟ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಒಂದು ಕಾರ್ಬುರೇಟರು ಸಾಕಾಗಿದ್ದ ಕಡೆ ಎರಡು ಯಾಕೆ ಬಂದವು? ಎಡ್ವರ್ಡ್ ಟರ್ನರ್ 1937ರಲ್ಲಿ ಹೊರತಂದ ಟ್ರಯಂಫ್ ಸ್ಪೀಡ್ ಟ್ವಿನ್ ಬೈಕಿನಲ್ಲಿ ಎರಡು ಸಿಲಿಂಡರುಗಳಿಗೆ ಒಂದೇ ಕಾರ್ಬುರೇಟರು ಇತ್ತು. ಯುದ್ಧದ ನಂತರ ಅಮೆರಿಕದ ಮಾರುಕಟ್ಟೆ ವೇಗ ಕೇಳಿತು. 1959ರ ಟ್ರಯಂಫ್ ಬಾನೆವಿಲ್ ಎರಡು ಕಾರ್ಬುರೇಟರುಗಳೊಂದಿಗೆ ಬಂತು. ಹತ್ತು ವರ್ಷದ ನಂತರ ಬಂದ ಹೋಂಡಾ ಸಿಬಿ 750ಯಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಇದ್ದವು. ಪ್ರತಿ ಸಿಲಿಂಡರಿಗೂ ತನ್ನದೇ ಉಸಿರುದಾರಿ ಸಿಕ್ಕಿದ್ದರಿಂದ ಶಕ್ತಿ ಹೆಚ್ಚಿತು. ಜೊತೆಗೆ ಹೊಸದೊಂದು ಜವಾಬ್ದಾರಿಯೂ ಹುಟ್ಟಿತು. ಸವಾರ ಹಿಡಿಕೆ ತಿರುಗಿಸಿದಾಗ ಎರಡೂ ಕಾರ್ಬುರೇಟರುಗಳು ಒಂದೇ ಕ್ಷಣದಲ್ಲಿ, ಒಂದೇ ಅಳತೆಯಲ್ಲಿ ತೆರೆದುಕೊಳ್ಳಬೇಕು. ಇಲ್ಲದಿದ್ದರೆ ಒಂದು ಸಿಲಿಂಡರು ದುಡಿಯುತ್ತದೆ, ಇನ್ನೊಂದು ಅದರ ಮೇಲೆ ಸವಾರಿ ಮಾಡುತ್ತದೆ. ಜೋಡೆತ್ತಿನಲ್ಲಿ ಒಂದು ಎಳೆದು ಇನ್ನೊಂದು ಹಿಂದೆ ಬಿದ್ದರೆ ನೊಗ ಓರೆಯಾಗುವ ಹಾಗೆ.

ಭಾರತದ ರಸ್ತೆಗಳಿಗೆ ಈ ಸಮಸ್ಯೆ ದೊಡ್ಡದಾಗಿ ಬಂದದ್ದು 1983ರಲ್ಲಿ. ಎಸ್ಕಾರ್ಟ್ಸ್ ಕಂಪನಿ ಜಪಾನಿನ ಯಮಹಾ ಆರ್‌ಡಿ 350ಯನ್ನು ರಾಜ್‌ದೂತ್ 350 ಎಂಬ ಹೆಸರಿನಲ್ಲಿ ಇಲ್ಲಿ ತಯಾರಿಸತೊಡಗಿತು. 347 ಸಿಸಿ, ಎರಡು ಸಿಲಿಂಡರು, ಎರಡು ಸ್ಟ್ರೋಕು, ಆರು ಗೇರು, ಎರಡು ಮಿಕುನಿ ಮಾದರಿಯ ಕಾರ್ಬುರೇಟರು. ಜಪಾನಿನಲ್ಲಿ ಅದು 1973ರ ಗಾಡಿ. ಅಲ್ಲಿ ಅದರ ಕಾಲ ಆಗಲೇ ಮುಗಿದಿತ್ತು. ಇಲ್ಲಿ ಬುಲೆಟ್ 350 ಕೊಡುತ್ತಿದ್ದುದು 18 ಅಶ್ವಶಕ್ತಿ. ಹೊಸ ಗಾಡಿ ಮೊದಲ ರೂಪದಲ್ಲಿ 30.5, ನಂತರ ತಗ್ಗಿಸಿದ ರೂಪದಲ್ಲಿ 27 ಅಶ್ವಶಕ್ತಿ ಕೊಟ್ಟಿತು. ಆದರೆ ಜಪಾನಿ ಗಾಡಿಯ ಮುಂಚಕ್ರಕ್ಕಿದ್ದ ಡಿಸ್ಕ್ ಬ್ರೇಕಿನ ಬದಲಿಗೆ ಇಲ್ಲಿ ಡ್ರಮ್ ಬ್ರೇಕ್ ಹಾಕಲಾಗಿತ್ತು. ಆರ್‌ಡಿ ಎಂದರೆ 'ರ‍್ಯಾಪಿಡ್ ಡೆತ್' ಎಂದು ಜನ ಅಡ್ಡಹೆಸರಿಟ್ಟರು.

ಕನ್ನಡ ನಾಡಿನ ಓದುಗರು ಇದನ್ನು ಮೈಸೂರಿನ ಜಾವಾದೊಂದಿಗೆ ಹೋಲಿಸಿ ನೋಡಬಹುದು. ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಜಾವಾ, ಆಮೇಲೆ ಯೆಜ್ಡಿ, ಎರಡು ಸೈಲೆನ್ಸರುಗಳಿದ್ದರೂ ಒಂದೇ ಸಿಲಿಂಡರಿನ, ಒಂದೇ ಕಾರ್ಬುರೇಟರಿನ ಗಾಡಿ. ಹಳ್ಳಿಯ ಮೆಕ್ಯಾನಿಕ್ ಕೂಡ ಒಂದು ಸ್ಕ್ರೂಡ್ರೈವರಿನಲ್ಲಿ ಅದನ್ನು ತಹಬಂದಿಗೆ ತರುತ್ತಿದ್ದ. ಆರ್‌ಡಿ ಹಾಗಲ್ಲ. ಅದರಲ್ಲಿ ಸಮತೋಲ ತಪ್ಪಿದರೆ ಹಾಳಾಗುವುದು ಮೈಲೇಜು ಮಾತ್ರವಲ್ಲ. ಒಂದು ಸಿಲಿಂಡರಿಗೆ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು ಹೋದರೆ ಅಲ್ಲಿನ ಪಿಸ್ಟನ್ ಮಿತಿಮೀರಿ ಕಾಯುತ್ತದೆ. ಕಾದ ಪಿಸ್ಟನ್ ಉಬ್ಬಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ವೇಗದಲ್ಲಿ ಎಂಜಿನ್ ಹೀಗೆ ಹಿಡಿದುಕೊಂಡರೆ ಹಿಂಚಕ್ರ ನಿಂತು, ಸವಾರ ನೆಲಕ್ಕೆ ಬೀಳುತ್ತಾನೆ. ಅಂದರೆ ತಕ್ಕಡಿಯ ತಟ್ಟೆಯಲ್ಲಿದ್ದುದು ಒಬ್ಬ ಮನುಷ್ಯನ ಜೀವ.

1990ರ ಹೊತ್ತಿಗೆ ಈ ಗಾಡಿಯ ತಯಾರಿಕೆ ನಿಂತಿತು. ಆದರೂ ಇಂದಿಗೂ ಅವು ಬೆಂಗಳೂರಿನಲ್ಲಿ, ಬೇರೆ ಊರುಗಳಲ್ಲಿ ಓಡುತ್ತಿವೆ. ಕಾರ್ಖಾನೆ ಸುಮಾರು ಏಳು ವರ್ಷ ಮಾಡಿದ ಗಾಡಿಯನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ಓಡಿಸಿದವರು ಬೀದಿಬದಿಯ ಗ್ಯಾರೇಜಿನವರು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ, ಅದರ ಸುತ್ತಲಿನ ಗಲ್ಲಿಗಳ ಶೆಡ್ಡುಗಳು ಈ ವಿದ್ಯೆಯ ಪಾಠಶಾಲೆಗಳು. ಗುರುವಿಗೆ ಅಲ್ಲಿ ಉಸ್ತಾದ್ ಎನ್ನುತ್ತಾರೆ. ಆ ಮಾತನ್ನು ಹಿಂದೂ ಹುಡುಗನೂ ಕ್ರೈಸ್ತ ಹುಡುಗನೂ ಅಷ್ಟೇ ಸಹಜವಾಗಿ ಬಳಸುತ್ತಾರೆ. ಮುಸ್ಲಿಮ್ ದುಡಿಮೆಗಾರರು ಸ್ವಂತ ಕಸುಬು, ಸಣ್ಣ ವ್ಯಾಪಾರ, ವಾಹನ ರಿಪೇರಿಯಂಥ ಕೆಲಸಗಳಲ್ಲಿ ಹೆಚ್ಚಾಗಿರುವುದನ್ನು 2006ರ ಸಾಚಾರ್ ಸಮಿತಿ ವರದಿ ಗುರುತಿಸಿತ್ತು. ಆ ವರದಿಯನ್ನು ಹಿಂದುಳಿದಿರುವಿಕೆಯ ದಾಖಲೆಯಾಗಿ ಓದುವುದು ಅಗತ್ಯವೇ. ಆದರೆ ಶಾಲೆ ಬಿಟ್ಟ ಹುಡುಗ ಗ್ಯಾರೇಜಿನಲ್ಲಿ ಕಲಿತದ್ದಕ್ಕೆ ಯಾವ ಪ್ರಮಾಣಪತ್ರವೂ ಇಲ್ಲದಿರುವುದರಿಂದ, ಅದನ್ನು ಅಜ್ಞಾನದ ಲೆಕ್ಕಕ್ಕೆ ಸೇರಿಸುವುದು ನಮ್ಮ ಸಮಾಜದ ಹಳೆಯ ಚಾಳಿ.

ಹಾಗಾದರೆ ಅವನು ಕಲಿತದ್ದೇನು? ಇಂದು ಹಳೆಯ ಆರ್‌ಡಿಯನ್ನು ಮನೆಯಂಗಳದಲ್ಲೇ ಸಮತೋಲ ಮಾಡಲು ಹೊರಡುವವರು ಅದನ್ನು ಹೆಜ್ಜೆಹೆಜ್ಜೆಯಾಗಿ ಕಾಣಬಹುದು.

ಮೊದಲ ಪಾಠವೆಂದರೆ ಕಾರ್ಬುರೇಟರಿಗೆ ಮೊದಲು ಕೈಹಾಕಬಾರದು. ಎರಡು ಸಿಲಿಂಡರಿಗೂ ಬೇರೆಬೇರೆ ಕಾಂಟ್ಯಾಕ್ಟ್ ಪಾಯಿಂಟ್‌ಗಳಿವೆ; ಕಿಡಿ ಹೊತ್ತಿಗೆ ಸರಿಯಾಗಿ ಬೀಳದಿದ್ದರೆ ಎಷ್ಟು ಸ್ಕ್ರೂ ತಿರುಗಿಸಿದರೂ ವ್ಯರ್ಥ. ಎಂಜಿನ್ನಿಗೆ ಕಾರ್ಬುರೇಟರು ಸೇರುವ ಕಡೆ ರಬ್ಬರು ಬಿರುಕು ಬಿಟ್ಟು ಕಳ್ಳಗಾಳಿ ಒಳಹೋಗುತ್ತಿದೆಯೇ ನೋಡಬೇಕು. ಗಾಳಿಯ ಜಾಲರಿ, ಜೆಟ್‌ಗಳು ಶುಚಿಯಾಗಿರಬೇಕು. ಎರಡೂ ಬಟ್ಟಲುಗಳಲ್ಲಿ ತೇಲುಬುರುಡೆಯ ಎತ್ತರ ಒಂದೇ ಆಗಿರಬೇಕು.

ಎರಡನೆಯದು ಕೇಬಲ್ಲು. ಹಿಡಿಕೆಯಿಂದ ಬರುವ ಒಂದು ಕೇಬಲ್ಲು ಟ್ಯಾಂಕಿನ ಕೆಳಗೆ ಕವಲೊಡೆದು ಎರಡು ಕಾರ್ಬುರೇಟರಿಗೆ ಹೋಗುತ್ತದೆ, ಇನ್ನೊಂದು ಕವಲು ಆಯಿಲ್ ಪಂಪಿಗೆ. ಎಂಜಿನ್ ನಿಲ್ಲಿಸಿ, ಗಾಳಿಯ ರಬ್ಬರು ಬಿಚ್ಚಿ, ಎರಡೂ ಸ್ಲೈಡುಗಳ ಕೆಳಗೆ ಒಂದೇ ದಪ್ಪದ ಎರಡು ಡ್ರಿಲ್ ಬಿಟ್‌ಗಳ ನಯವಾದ ತುದಿಯನ್ನಿಡಬೇಕು. ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿದಾಗ ಎರಡೂ ಏಕಕಾಲಕ್ಕೆ ಸಡಿಲವಾಗಬೇಕು. ಒಂದು ಹಿಂದೆ ಬಿದ್ದರೆ ಅದರ ಕೇಬಲ್ಲಿನ ಅಡ್ಜಸ್ಟರಿನಲ್ಲಿ ಸರಿಪಡಿಸಬೇಕು. ಉಸ್ತಾದರು ಡ್ರಿಲ್ ಬಿಟ್ ಬಳಸುತ್ತಿರಲಿಲ್ಲ. ಎರಡು ಬಾಯಿಗೂ ಎರಡು ಬೆರಳಿಟ್ಟು, ಸ್ಲೈಡು ಏಳುವುದನ್ನು ತುದಿಬೆರಳಿನಲ್ಲೇ ಅಳೆಯುತ್ತಿದ್ದರು.

ಮೂರನೆಯದು ಕಿವಿಯ ಕೆಲಸ. ಏರ್ ಸ್ಕ್ರೂವನ್ನು ಮೆದುವಾಗಿ ಮುಚ್ಚಿ ಹಿಂದಕ್ಕೆ ಸುಮಾರು ಒಂದೂವರೆ ಸುತ್ತು ಬಿಡಿಸಿ, ರಬ್ಬರುಗಳನ್ನು ಮತ್ತೆ ಜೋಡಿಸಿ, ಎಂಜಿನ್ ಬಿಸಿ ಮಾಡಿಕೊಳ್ಳಬೇಕು. ಒಂದು ಸಿಲಿಂಡರಿನ ಪ್ಲಗ್ ಕ್ಯಾಪ್ ತೆಗೆದು, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು, ಇನ್ನೊಂದು ಸಿಲಿಂಡರಿನ ಓಟವನ್ನು ಕೇಳಬೇಕು. ಆಮೇಲೆ ಅದಲುಬದಲು. ಎರಡೂ ಒಂಟಿಯಾಗಿ ಒಂದೇ ವೇಗದಲ್ಲಿ ಓಡುವಂತೆ ಸ್ಟಾಪ್ ಸ್ಕ್ರೂ ಹೊಂದಿಸಿ, ನಂತರ ಎರಡನ್ನೂ ಜೋಡಿಸಿ ಸಮಪ್ರಮಾಣದಲ್ಲಿ ವೇಗ ಇಳಿಸಬೇಕು. ಕೊನೆಯ ಪರೀಕ್ಷೆಗೆ ಎರಡು ಸೈಲೆನ್ಸರುಗಳ ಹಿಂದೆ ಎರಡು ಅಂಗೈ ಹಿಡಿದು ಹೊಗೆಯ ಬಡಿತ ನೋಡುವುದು ಹಳೆಯ ಪದ್ಧತಿ.

ನಾಲ್ಕನೆಯದನ್ನು ಮರೆತವರೇ ಹೆಚ್ಚು. ಕೇಬಲ್ಲು ಮುಟ್ಟಿದ ಮೇಲೆ ಆಯಿಲ್ ಪಂಪಿನ ಗುರುತುಗಳು ಕೂಡುತ್ತವೆಯೇ ಎಂದು ನೋಡಲೇಬೇಕು. ಕಾರ್ಬುರೇಟರು ಸರಿಯಾಗಿದ್ದು ಎಣ್ಣೆ ಕಡಿಮೆ ಹೋದರೆ ಪಿಸ್ಟನ್ ಕಚ್ಚುವುದು ತಪ್ಪಿದ್ದಲ್ಲ. ಸ್ವಲ್ಪ ದೂರ ಓಡಿಸಿ ಪ್ಲಗ್ ಬಿಚ್ಚಿದರೆ ಎರಡೂ ತಿಳಿಗಂದು ಬಣ್ಣದಲ್ಲಿರಬೇಕು. ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದು, ಕಪ್ಪಾಗಿದ್ದರೆ ಹೆಚ್ಚಾಗಿದೆ. ಈ ಕೆಲಸವೆಲ್ಲ ಬಯಲಿನಲ್ಲಿ ಆಗಬೇಕು. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣಾಂತಕ.

ನಾಲ್ಕು ಸ್ಟ್ರೋಕಿನ ಗಾಡಿಗಳಿಗೆ ನಿರ್ವಾತ ಅಳೆಯುವ ಮಾಪಕಗಳಿವೆ. ಹಿಂದೆ ಪಾದರಸದ ಕೊಳವೆ ಬಳಸುತ್ತಿದ್ದರು. ಪಾದರಸ ವಿಷವಾದ್ದರಿಂದ ಮನೆಯಲ್ಲಿ ಮಾಡುವವರು ಪಾರದರ್ಶಕ ಕೊಳವೆಯಲ್ಲಿ ಎಣ್ಣೆ ತುಂಬಿ ಅದೇ ಕೆಲಸ ಸಾಧಿಸುತ್ತಾರೆ. ಆದರೆ ಎರಡು ಸ್ಟ್ರೋಕಿನ ಗಾಡಿಯಲ್ಲಿ ಕೈ, ಕಿವಿ, ಕಣ್ಣುಗಳೇ ಹೆಚ್ಚಾಗಿ ಮಾಪಕ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ನಿಯಮದೊಂದಿಗೆ ನಮ್ಮ ಬಹುತೇಕ ಹೊಸ ಬೈಕುಗಳಿಂದ ಕಾರ್ಬುರೇಟರು ಮರೆಯಾಯಿತು. ಅದರ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂತು. ಊರಿನ ಗಾಳಿಗೆ ಇದು ಒಳ್ಳೆಯದೇ. ಎರಡು ಸ್ಟ್ರೋಕಿನ ಹೊಗೆಗಾಗಿ ಕಣ್ಣೀರು ಹಾಕಬೇಕಾಗಿಲ್ಲ. ಚಿಂತೆಯ ವಿಷಯ ಬೇರೆ. ಅಲ್ ಜಝರಿ ತನ್ನ ಕಸುಬನ್ನು ಬರೆದಿಟ್ಟದ್ದರಿಂದ ಎಂಟು ಶತಮಾನಗಳ ನಂತರವೂ ಅವನ ಗಡಿಯಾರವನ್ನು ಮತ್ತೆ ಕಟ್ಟಿ ನೋಡಲು ಸಾಧ್ಯವಾಗಿದೆ. ನಮ್ಮ ಗಲ್ಲಿಗಳ ಉಸ್ತಾದರಿಗೆ ಈಗ ವಯಸ್ಸಾಗಿದೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಅವರ ವಿದ್ಯೆ ಯಾವ ಪುಸ್ತಕದಲ್ಲೂ ಸೇರಲಿಲ್ಲ. ಮನೆಯಲ್ಲಿ ಹಳೆಯ ಗಾಡಿ ಇಟ್ಟುಕೊಂಡ ವಿದ್ಯಾವಂತ ಯುವಕರು ಒಂದು ಭಾನುವಾರ ಅವರ ಪಕ್ಕದಲ್ಲಿ ಕೂತು, ಅವರು ಯಾವ ಸದ್ದಿಗೆ ಯಾವ ಸ್ಕ್ರೂ ಮುಟ್ಟುತ್ತಾರೆಂದು ಕೇಳಿ, ಅವರ ಹೆಸರಿನೊಂದಿಗೆ ಕನ್ನಡದಲ್ಲಿ ಬರೆದಿಡಬೇಕು. ದುಡಿಯುವ ಜನರ ಚರಿತ್ರೆ ಬರೆಯುವ ಕೆಲಸ ಅಲ್ಲಿಂದಲೂ ಆರಂಭವಾಗಬಹುದು.