ಕರವೀರ ಸೀಮೆಯ ಕೆರೆಗಳು ಮತ್ತು ಮೀನು: ಒಂದು ಐತಿಹಾಸಿಕ ನೋಟ

ಕೊಲ್ಲಾಪುರ ಸೀಮೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶ್ರೀ ಮಹಾಲಕ್ಷ್ಮಿಯ ದೇವಾಲಯ, ಪನ್ಹಾಳದ ಕೋಟೆ, ಖಿದ್ರಾಪುರದ ಕೋಪೇಶ್ವರ, ರಾಜರ್ಷಿ ಶಾಹೂ ಮಹಾರಾಜರ ಆಳ್ವಿಕೆ ಇವುಗಳ ಕಡೆಗೆ ಗಮನ ಹರಿಸುತ್ತಾರೆ. ಅದು ಸಹಜವೂ ಹೌದು, ಉಚಿತವೂ ಹೌದು. ಆದರೆ ಈ ನಾಡಿನ ಅರಸರು ಗುಡಿಗಳನ್ನು ಕಟ್ಟಿಸಿದಷ್ಟೇ ಶ್ರದ್ಧೆಯಿಂದ ಕೆರೆಗಳನ್ನೂ ಕಟ್ಟಿಸಿದರು. ಗುಡಿಯ ಇತಿಹಾಸವನ್ನು ಕಲ್ಲಿನ ಮೇಲೆ ಓದಬಹುದು. ಕೆರೆಯ ಇತಿಹಾಸವನ್ನು ಓದಬೇಕಾದರೆ ಅದರೊಳಗಿನ ಜೀವಿಗಳನ್ನು, ಅದರಲ್ಲಿಯೂ ಮೀನನ್ನು, ಗಮನಿಸಬೇಕಾಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸ್ವಾಭಾವಿಕ. ನಮ್ಮ ಸಂಘದ ಬಂಧುಗಳಲ್ಲಿ ಅನೇಕರು ಶಾಕಾಹಾರಿಗಳು. ಮೀನು ತಿನ್ನದವರಿಗೆ ಮೀನಿನ ಗೊಡವೆ ಏಕೆ? ಈ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಡುತ್ತದೆ ಎಂಬುದನ್ನು ತೋರಿಸುವುದು ಈ ಕಿರುಲೇಖನದ ಉದ್ದೇಶ.

ಶಿಲಾಹಾರರ ಕೆರೆ, ಚಾಲುಕ್ಯರ ಗಾಳ

ಹನ್ನೆರಡನೆಯ ಶತಮಾನದ ಆರಂಭದಲ್ಲಿ ಕೊಲ್ಲಾಪುರವನ್ನು ಆಳುತ್ತಿದ್ದವನು ಶಿಲಾಹಾರ ವಂಶದ ಗಂಡರಾದಿತ್ಯ. ಈ ವಂಶದ ಕಾಲದ ಕನ್ನಡ ಶಾಸನಗಳು ಈ ಸೀಮೆಯಲ್ಲಿ ಹಲವೆಡೆ ದೊರೆತಿರುವುದು ನಮಗೆಲ್ಲ ಅಭಿಮಾನದ ಸಂಗತಿ. ಮಿರಜ ಸೀಮೆಯ ಇರುಕುಡಿ ಎಂಬಲ್ಲಿ ಈ ಅರಸನು ‘ಗಂಡಸಮುದ್ರ’ವೆಂಬ ದೊಡ್ಡ ಕೆರೆಯನ್ನು ಕಟ್ಟಿಸಿದನೆಂದೂ, ಅದರ ದಡದ ಮೇಲೆ ಈಶ್ವರ, ಬುದ್ಧ ಮತ್ತು ಜಿನ ಈ ಮೂವರನ್ನೂ ಪ್ರತಿಷ್ಠಾಪಿಸಿದನೆಂದೂ ಅವನ ತಾಮ್ರಶಾಸನದಿಂದ ತಿಳಿದುಬರುತ್ತದೆ. ಒಂದೇ ಕೆರೆಯ ದಡದಲ್ಲಿ ಮೂರು ಮತಗಳ ದೈವಗಳು! ನೀರಿಗೆ ಬರುವವರ ಕುಲ, ಮತಗಳನ್ನು ಕೆರೆ ಕೇಳುವುದಿಲ್ಲವೆಂಬ ಅರಿವು ಆ ಕಾಲದ ಅರಸನಿಗಿತ್ತೆಂದು ತೋರುತ್ತದೆ.

ಗಂಡರಾದಿತ್ಯನ ಕಾಲಕ್ಕೆ ಕೊಲ್ಲಾಪುರದ ಶಿಲಾಹಾರರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದರು. ಆ ಚಾಲುಕ್ಯರಲ್ಲಿ ‘ಸರ್ವಜ್ಞ’ನೆಂದು ಬಿರುದಾಂಕಿತನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಒಂದು ವಿಶ್ವಕೋಶದಂತಹ ಗ್ರಂಥ. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ರಾಜನೀತಿ, ವೈದ್ಯ, ಸಂಗೀತ, ಚಿತ್ರಕಲೆ, ಪಾಕಶಾಸ್ತ್ರಗಳ ಜೊತೆಗೆ ಅದರಲ್ಲಿ ‘ಮತ್ಸ್ಯವಿನೋದ’ ಎಂಬುದೊಂದು ಭಾಗವಿದೆ. ಕಡಲಿನ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು ಎಂದು ಅಲ್ಲಿ ಮೂವತ್ತಕ್ಕೂ ಮಿಕ್ಕ ಬಗೆಗಳನ್ನು ವಿಂಗಡಿಸಲಾಗಿದೆ. ಯಾವ ಮೀನಿಗೆ ಯಾವ ಆಹಾರ ಇಷ್ಟ, ಹಿಟ್ಟಿನ ಉಂಡೆಗಳನ್ನು ನೀರಿಗೆ ಹಾಕಿ ಅದನ್ನು ಒಂದು ತಾಣಕ್ಕೆ ಹೇಗೆ ರೂಢಿ ಮಾಡಿಸಬೇಕು, ಗಾಳದ ಕೋಲು ಮತ್ತು ದಾರ ಹೇಗಿರಬೇಕು ಎಂಬ ವಿವರಗಳೂ ಇವೆ. ನಮ್ಮ ಕಾಲದಲ್ಲಿ ಭಾರತದ ಹೆಸರಾಂತ ಮತ್ಸ್ಯವಿಜ್ಞಾನಿ ಸುಂದರಲಾಲ ಹೋರಾ ಅವರು ಈ ಭಾಗವನ್ನು ಪರಿಶೀಲಿಸಿ ಅದರ ಮಹತ್ವವನ್ನು ವಿದ್ವಾಂಸರ ಗಮನಕ್ಕೆ ತಂದರು.

ಅರಸನು ಬರೆದನೆಂದ ಮಾತ್ರಕ್ಕೆ ಈ ತಿಳಿವಳಿಕೆ ಅರಮನೆಯಲ್ಲಿ ಹುಟ್ಟಿದ್ದಲ್ಲ. ಮೀನು ಯಾವ ಹೊತ್ತಿಗೆ ದಡಕ್ಕೆ ಬರುತ್ತದೆ, ಯಾವುದಕ್ಕೆ ಬಾಯಿ ಹಾಕುತ್ತದೆ ಎಂಬುದನ್ನು ಬಲ್ಲವರು ಬೆಸ್ತರು, ಅಂಬಿಗರು. ಅದೇ ಶತಮಾನದಲ್ಲಿ ಅಂಬಿಗರ ಚೌಡಯ್ಯನು ತನ್ನ ಕಾಯಕದ ಹೆಸರನ್ನೇ ಮುಂದಿಟ್ಟುಕೊಂಡು ವಚನಕಾರನಾದನು. ಸೊನ್ನಲಿಗೆಯ ಸಿದ್ಧರಾಮನು ಇಂದಿನ ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸುವುದನ್ನೇ ಶಿವಯೋಗದ ಒಂದು ಅಂಗವೆಂದು ನಡೆಸಿದನು. ಆ ಕೆರೆಯ ಮಧ್ಯದಲ್ಲಿ ಇಂದಿಗೂ ಸಿದ್ಧೇಶ್ವರನ ಗುಡಿಯಿದೆ. ಹೀಗೆ ಒಂದೇ ಶತಮಾನದಲ್ಲಿ, ಕನ್ನಡ ಮಾತು ಹರಡಿದ್ದ ಈ ಒಂದೇ ಸೀಮೆಯಲ್ಲಿ, ಮೀನನ್ನು ಕುರಿತ ಎರಡು ದೃಷ್ಟಿಗಳು ಎದುರುಬದುರಾಗಿ ನಿಂತಿದ್ದವು. ಒಂದು, ಜಿನ ಮತ್ತು ಬುದ್ಧರನ್ನು ದಡದಲ್ಲಿ ಕೂರಿಸಿದ ಕರುಣೆಯ ದೃಷ್ಟಿ. ಇನ್ನೊಂದು, ಗಾಳ ಹಿಡಿದ ವಿನೋದದ ಮತ್ತು ಊಟದ ದೃಷ್ಟಿ. ಇವೆರಡಕ್ಕೂ ಸಮಾನವಾಗಿ ಬೇಕಾದದ್ದು ಒಂದೇ: ಮೀನು ಬದುಕಬಲ್ಲ ನೀರು.

ಮೀನಿನ ಹೆಸರು, ಮೀನಿನ ಮರಿ

ಆಂಗ್ಲರ ಕಾಲದಲ್ಲಿ ದಖ್ಖನಿನ ಮೀನುಗಳನ್ನು ಮೊದಲು ಕ್ರಮವಾಗಿ ವರ್ಣಿಸಿದವನು ಕರ್ನಲ್ ಸೈಕ್ಸ್. ಮುಂಬಯಿ ಸರಕಾರಕ್ಕಾಗಿ ಅಂಕಿಅಂಶ ಸಂಗ್ರಹಿಸುತ್ತ ತಿರುಗುತ್ತಿದ್ದ ಈತ 1839ರಲ್ಲಿ ಪ್ರಕಟಿಸಿದ ಮೀನುಗಳ ವರ್ಣನೆಯಲ್ಲಿ ಒಂದು ಸೊಗಸಿದೆ. ಜನರ ಬಾಯಲ್ಲಿದ್ದ ಹೆಸರುಗಳನ್ನೇ ಅವನು ಶಾಸ್ತ್ರೀಯ ನಾಮಗಳಾಗಿ ಉಳಿಸಿದನು. ಮೂತಿಯ ಮೇಲೆ ಗುಬುಟುಳ್ಳ ‘ನುಕ್ತಾ’ ಎಂಬ ಮೀನು ಇಂತಹದು. ಕೃಷ್ಣಾ ಕೊಳ್ಳದ ಈ ಮೀನು ಇಂದು ಅಳಿವಿನ ಅಂಚಿನಲ್ಲಿದೆ. 1956ರಲ್ಲಿ, ನಮ್ಮ ಪ್ರಾಂತಗಳು ಭಾಷೆಯ ಆಧಾರದ ಮೇಲೆ ಮರುಹಂಚಿಕೆಯಾದ ವರ್ಷದಲ್ಲೇ, ಕಲಾವರ ಮತ್ತು ಕೇಳಕರ ಎಂಬ ಇಬ್ಬರು ಅಭ್ಯಾಸಿಗಳು ‘ಕೊಲ್ಲಾಪುರದ ಮೀನುಗಳು’ ಎಂಬ ಪ್ರಬಂಧವನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮನುಷ್ಯರು ಗಡಿಯ ಲೆಕ್ಕದಲ್ಲಿ ಮುಳುಗಿದ್ದಾಗ ಇಬ್ಬರಾದರೂ ಮೀನಿನ ಲೆಕ್ಕ ಬರೆದಿಟ್ಟರು. ಹೊಳೆ ಕೆರೆಗಳಲ್ಲಿ ನಾವು ಏನನ್ನು ಕಳೆದುಕೊಂಡಿದ್ದೇವೆಂದು ತಿಳಿಯಲು ಇಂತಹ ಹಳೆಯ ಪಟ್ಟಿಗಳೇ ಅಳತೆಗೋಲು.

ಕೆರೆಯ ಮೀನುಗಾರಿಕೆಯಲ್ಲಿ ದೊಡ್ಡ ಬದಲಾವಣೆ ಬಂದುದೂ ಅದೇ ಕಾಲದಲ್ಲಿ. ಇಂದು ನಮ್ಮ ಕೆರೆಗಳಲ್ಲಿ ಬಿಡುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮೂಲತಃ ಉತ್ತರದ ಗಂಗಾ ಬಯಲಿನವು. ಕಾಟ್ಲಾ ಮೇಲಿನ ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಆದುದರಿಂದ ಒಂದೇ ಕೆರೆಯಲ್ಲಿ ಮೂರೂ ಪರಸ್ಪರ ಹೊಟ್ಟೆಗೆ ಹೊಡೆಯದೆ ಬೆಳೆಯಬಲ್ಲವು. ತೊಂದರೆ ಒಂದೇ: ಇವು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ, ಮಳೆಗಾಲದ ಹರಿಯುವ ಹೊಳೆ ಬೇಕು. 1957ರ ಜುಲೈ 10ರಂದು ಡಾ. ಹೀರಾಲಾಲ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಮೀನುಗಳಿಂದ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸಲಾಗುತ್ತದೆ. ಅಂದಿನಿಂದ ಊರೂರಿನ ಕೆರೆಗೆ ಮಳೆಗಾಲದಲ್ಲಿ ಮರಿ ಬಿಟ್ಟು ಮುಂದಿನ ವರ್ಷ ಬಲೆ ಬೀಸುವುದು ಸಾಧ್ಯವಾಯಿತು. ಭೋಯಿ ಮೊದಲಾದ ಸಮಾಜದವರ ಸಹಕಾರಿ ಸಂಘಗಳು ಕೆರೆಗಳನ್ನು ಗುತ್ತಿಗೆಗೆ ಹಿಡಿದು ಜೀವನ ನಡೆಸುವ ದಾರಿ ತೆರೆಯಿತು.

ರಂಕಾಳೆಯ ಸಾಕ್ಷ್ಯ

ಕೊಲ್ಲಾಪುರದ ರಂಕಾಳೆಯನ್ನು ನೋಡದ ಸದಸ್ಯರು ನಮ್ಮಲ್ಲಿ ಇರಲಾರರು. ಅದು ಹಿಂದೆ ಕಲ್ಲಿನ ಗಣಿಯಾಗಿತ್ತೆಂದೂ, ಭೂಕಂಪವಾಗಿ ನೀರು ಉಕ್ಕಿ ಕೆರೆಯಾಯಿತೆಂದೂ ಐತಿಹ್ಯವಿದೆ. ರಂಕಭೈರವನಿಂದ ಅದಕ್ಕೆ ಆ ಹೆಸರು. ದಡದ ಸಂಧ್ಯಾಮಠ, ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಸಿದ್ಧವಾದ ಶಾಲಿನಿ ಪ್ಯಾಲೇಸ್, ಸಂಜೆಯ ಚೌಪಾಟಿ ಎಲ್ಲರಿಗೂ ಪರಿಚಿತ. ಆದರೆ ಬೆಳಗಿನ ಜಾವ ಅಲ್ಲಿ ನಡೆದಾಡುವವರು ಇನ್ನೊಂದನ್ನೂ ಬಲ್ಲರು: ಬೇಸಿಗೆಯಲ್ಲಿ ಹಸಿರುಗಟ್ಟಿದ ನೀರು, ದುರ್ವಾಸನೆ, ಒಮ್ಮೊಮ್ಮೆ ದಡಕ್ಕೆ ಬಂದು ಬಿದ್ದ ಸತ್ತ ಮೀನು.

ಇದರ ಕಾರಣ ನಿಗೂಢವೇನಲ್ಲ. ಸುತ್ತಲಿನ ಬಡಾವಣೆಗಳು ಬೆಳೆದಂತೆ ನಾಲಾಗಳ ಹೊಲಸು ನೀರು ಕೆರೆಗೆ ಸೇರಿತು. ಹೊಲಸು ಎಂದರೆ ಪಾಚಿಗೆ ಗೊಬ್ಬರ. ಪಾಚಿಯು ಹಗಲು ಬಿಸಿಲಿನಲ್ಲಿ ಆಮ್ಲಜನಕವನ್ನು ಹೊರಬಿಡುತ್ತದೆ, ರಾತ್ರಿ ಅದೇ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಸತ್ತ ಪಾಚಿ ಕೊಳೆಯುವಾಗ ಮತ್ತಷ್ಟು ಖರ್ಚಾಗುತ್ತದೆ. ಬಿಸಿ ನೀರು ಗಾಳಿಯನ್ನು ಕಡಿಮೆ ಹಿಡಿಯುತ್ತದೆ. 20 ಡಿಗ್ರಿ ಉಷ್ಣತೆಯ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ರೋಹು, ಕಾಟ್ಲಾಗಳು ನೆಮ್ಮದಿಯಿಂದಿರಲು 5 ಮಿಲಿಗ್ರಾಂ ಬೇಕು. ಆದುದರಿಂದಲೇ ಬೇಸಿಗೆಯ ಸೂರ್ಯೋದಯದ ಮುಂಚೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ‘ಮೀನು ಆಡುತ್ತಿದೆ’ ಎಂದು ಮಕ್ಕಳಿಗೆ ತೋರಿಸುವ ತಂದೆತಾಯಿಗಳು ತಿಳಿಯಬೇಕು: ಅದು ಆಟವಲ್ಲ, ಉಸಿರಿನ ಸಂಕಟ.

ಇಂತಹ ನೀರಿನಲ್ಲಿ ಉಳಿಯುವುದು ಯಾವುದು? ಕಡಿಮೆ ಆಮ್ಲಜನಕವನ್ನು ತಾಳುವ ಟಿಲಾಪಿಯಾ, ಅಂದರೆ ನಮ್ಮ ಕಡೆಯವರು ಹೇಳುವ ಚಿಲಾಪಿ. ಆಫ್ರಿಕಾ ಮೂಲದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತರಲಾಯಿತು. ಅದು ನಿಂತ ನೀರಿನಲ್ಲೇ ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ, ಮರಿಗಳನ್ನು ಬಾಯಲ್ಲಿಟ್ಟು ಕಾಯುತ್ತದೆ. ಹೀಗಾಗಿ ಕೆರೆಯಲ್ಲಿ ಮೀನಿನ ಸಂಖ್ಯೆ ಕಡಿಮೆಯಾಗದಿದ್ದರೂ ಬಗೆಗಳು ಕಡಿಮೆಯಾಗುತ್ತವೆ, ಗಾತ್ರ ಕುಗ್ಗುತ್ತದೆ. ಬಲೆ ತುಂಬುತ್ತದೆ, ಕಿಸೆ ತುಂಬುವುದಿಲ್ಲ. ‘ಕೆರೆಯಲ್ಲಿ ಮೀನಿದೆಯಲ್ಲ’ ಎಂಬ ಸಮಾಧಾನ ಸಾಲದು. ಯಾವ ಮೀನಿದೆ ಎಂದು ಕೇಳಬೇಕು.

ರಂಕಾಳೆಯನ್ನು ರಾಷ್ಟ್ರೀಯ ಸರೋವರ ಸಂರಕ್ಷಣಾ ಯೋಜನೆಯಲ್ಲಿ ಸೇರಿಸಲಾಯಿತು. ನಾಲಾಗಳನ್ನು ತಿರುಗಿಸುವ ಪ್ರಯತ್ನಗಳೂ ನಡೆದವು. ನಾಗರಿಕರು ಜಲಪರ್ಣಿ ತೆಗೆಯಲು ಕೈಜೋಡಿಸಿದರು. ಪ್ರಯತ್ನ ವ್ಯರ್ಥವೆಂದು ನಾನು ಹೇಳುವುದಿಲ್ಲ. ಆದರೆ ಒಂದು ನಾಲಾ ಉಳಿದರೂ ಪಾಚಿಗೆ ಗೊಬ್ಬರ ಸಿಗುತ್ತಲೇ ಇರುತ್ತದೆ.

ನಮ್ಮ ಮಗ್ಗ, ನಮ್ಮ ಹೊಳೆ

ಕೆರೆಯ ಕಥೆ ಹೊಳೆಯಲ್ಲಿ ದೊಡ್ಡದಾಗುತ್ತದೆ. ಇಚಲಕರಂಜಿಗೆ 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದಿತು. ಜಹಗೀರುದಾರ ನಾರಾಯಣರಾವ್ ಘೋರ್ಪಡೆಯವರ ಆಶ್ರಯದಲ್ಲಿ ಅದು ಬೆಳೆದು ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎನಿಸಿತು. ಗಡಿಯಾಚೆಯಿಂದ ಬಂದ ಎಷ್ಟೋ ಕನ್ನಡ ಕುಟುಂಬಗಳು ಈ ಮಗ್ಗಗಳ ಮೇಲೆಯೇ ಮಕ್ಕಳನ್ನು ಓದಿಸಿವೆ. ಆದುದರಿಂದ ಈ ಮಾತನ್ನು ಹೊರಗಿನವನಾಗಿ ಹೇಳುತ್ತಿಲ್ಲ: ನೂಲಿಗೆ ಬಣ್ಣ ಹಾಕಿದ, ಬಟ್ಟೆ ತೊಳೆದ ನೀರು ಹೋಗಿದ್ದು ಪಂಚಗಂಗೆಗೆ. ಅದರ ಜೊತೆಗೆ ಊರುಗಳ ಹೊಲಸು, ಇತರ ಕಾರಖಾನೆಗಳ ನೀರು. ಶಿರೋಳ ತಾಲೂಕಿನ ತೇರವಾಡ ಬಂಧಾರೆಯಲ್ಲಿ ಸತ್ತ ಮೀನುಗಳು ತೇಲಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿ ಜೀವಹಾನಿಯಾದುದನ್ನು ನಾವು ಮರೆತಿಲ್ಲ. ಬಣ್ಣದ ನೀರೇ ಆ ರೋಗಕ್ಕೆ ಕಾರಣವಲ್ಲ, ಹೊಲಸು ಬೆರೆತ ಕುಡಿಯುವ ನೀರು ಅದರ ಮೂಲ. ಆದರೆ ಹೊಳೆಯನ್ನು ಗಟಾರವೆಂದು ಬಗೆಯುವ ಒಂದೇ ಮನೋಭಾವದಿಂದ ಎರಡೂ ಹುಟ್ಟುತ್ತವೆ. ಮೀನಿಗೆ ಬಂದದ್ದು ಮನುಷ್ಯನಿಗೂ ಬಂದಿತು.

ಇಲ್ಲಿ ಕಾನೂನಿನ ಇತಿಹಾಸವನ್ನೂ ನೆನೆಯಬೇಕು. 1897ರ ಭಾರತೀಯ ಮೀನುಗಾರಿಕೆ ಕಾಯಿದೆಯು ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದನ್ನು ಅಪರಾಧವೆಂದು ಸಾರಿತು. ಆಗ ವಿಷ ಹಾಕುವವನಿಗೆ ಮೀನು ಬೇಕಾಗಿತ್ತು. ಇಂದು ವಿಷ ಬಿಡುವವರಿಗೆ ಮೀನು ಬೇಕಾಗಿಲ್ಲ. ಮೀನು ಸತ್ತದ್ದೂ ಅವರಿಗೆ ಗೊತ್ತಾಗುವುದಿಲ್ಲ. 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆ ಹುಟ್ಟಿದ್ದು ಈ ಎರಡನೆಯ ಬಗೆಯ ವಿಷಕ್ಕಾಗಿ. ಕಾಯಿದೆ ಇದೆ. ಅದನ್ನು ಜೀವಂತವಾಗಿಡುವುದು ದಡದಲ್ಲಿರುವವರ ಕೆಲಸ.

ದೇವರ ಮೀನು

ಭರವಸೆಯ ಮಾತೊಂದು ಗಡಹಿಂಗ್ಲಜದ ಹೊಳೆಯಿಂದಲೇ ಬಂದಿದೆ. ಹಿರಣ್ಯಕೇಶಿಯು ಅಂಬೋಲಿಯ ಗುಡ್ಡದಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜಗಳನ್ನು ದಾಟಿ, ಸಂಕೇಶ್ವರದ ಕಡೆಗೆ ಹರಿದು ಘಟಪ್ರಭೆಯನ್ನು ಕೂಡುತ್ತದೆ. ಅದರ ಉಗಮದಲ್ಲಿ ಮಹಾದೇವನ ಗುಡಿ, ಗುಡಿಯ ಮುಂದೆ ಚಿಕ್ಕ ಕುಂಡ. ಕಲ್ಲುಗಳ ನಡುವೆ ಬದುಕುವ ಒಂದು ಪುಟ್ಟ ಮೀನು ಆ ಕುಂಡದಲ್ಲಿದೆ. ಅದು ವಿಜ್ಞಾನಕ್ಕೆ ಹೊಸತೆಂದು 2020ರಲ್ಲಿ ಸಂಶೋಧಕರು ಗುರುತಿಸಿ, ಹೊಳೆಯ ಹೆಸರನ್ನೇ ಇಟ್ಟು ‘ಶಿಸ್ಟುರಾ ಹಿರಣ್ಯಕೇಶಿ’ ಎಂದು ಕರೆದರು. ಮರುವರ್ಷ ಮಹಾರಾಷ್ಟ್ರ ಸರಕಾರವು ಕುಂಡವೂ ಸೇರಿದಂತೆ 2.11 ಹೆಕ್ಟೇರು ನೆಲವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಿತು. ಮರಾಠಿಯಲ್ಲಿ ಆ ಮೀನಿಗೆ ‘ದೇವಾಚಾ ಮಾಸಾ’ ಎನ್ನುತ್ತಾರೆ. ಶೃಂಗೇರಿಯ ತುಂಗೆಯಲ್ಲಿ ಯಾತ್ರಿಕರು ಮಂಡಕ್ಕಿ ಹಾಕುವ ಮೀನಿಗೆ ಕನ್ನಡಿಗರೂ ‘ದೇವರ ಮೀನು’ ಎನ್ನುತ್ತಾರೆ. ಎರಡು ಭಾಷೆಗಳಲ್ಲಿ ಒಂದೇ ಮಾತು!

ದೇವರ ಹೆಸರಿದ್ದುದರಿಂದ ಮೀನು ಉಳಿಯಿತು ಎಂದರೆ ಅರ್ಧ ಸತ್ಯ. ಗುಡಿಯ ಮುಂದಿನ ನೀರನ್ನು ಕೆಡಿಸಬಾರದೆಂಬ ಮರ್ಯಾದೆ ಇದ್ದುದರಿಂದ ಉಳಿಯಿತು. ಗಂಡರಾದಿತ್ಯನು ಕೆರೆಯ ದಡದಲ್ಲಿ ಮೂರು ದೈವಗಳನ್ನು ಕೂರಿಸಿದ್ದರಲ್ಲಿಯೂ ಇದೇ ಮರ್ಯಾದೆಯಿತ್ತೆಂದು ನನ್ನ ನಂಬಿಕೆ.

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮೀನು ತಿನ್ನುವವನಿಗೆ ಮೀನು ಆಹಾರ, ಹಿಡಿಯುವವನಿಗೆ ಕಾಯಕ. ಎರಡೂ ಅಲ್ಲದ ನಮಗೆ ಅದು ಕೆರೆಯ ಆರೋಗ್ಯದ ಲೆಕ್ಕ ಬರೆಯುವ ಶಾನುಭೋಗ. ಅಹಿಂಸೆಯೆಂದರೆ ತಟ್ಟೆಯಲ್ಲಿ ಮೀನಿಲ್ಲದಿರುವುದಷ್ಟೇ ಆಗಬಾರದು. ನಮ್ಮ ಮನೆಯ, ನಮ್ಮ ಕಾರಖಾನೆಯ ನೀರಿನಿಂದ ಸಾವಿರಾರು ಮೀನು ಉಸಿರುಗಟ್ಟಿ ಸಾಯದಂತೆ ನೋಡಿಕೊಳ್ಳುವುದೂ ಅದರಲ್ಲಿ ಸೇರಬೇಕು.

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಸಂಘಬಂಧುಗಳಲ್ಲಿ ಒಂದು ವಿನಂತಿ. ತಮ್ಮ ತಮ್ಮ ಊರಿನ ಒಂದು ಕೆರೆಯನ್ನೋ ಹೊಳೆಯ ಒಂದು ಘಾಟನ್ನೋ ಆರಿಸಿಕೊಳ್ಳಿರಿ. ಅಲ್ಲಿ ಬಲೆ ಬೀಸುವ ಹಿರಿಯರನ್ನು ಕಂಡು, ಅವರು ಬಾಲ್ಯದಲ್ಲಿ ಕಂಡ ಮೀನುಗಳ ಹೆಸರುಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದುಕೊಳ್ಳಿರಿ. ಈಗ ಸಿಗುವವು ಯಾವುವು ಎಂದು ಮಕ್ಕಳಿಂದ ಪಕ್ಕದಲ್ಲಿ ಬರೆಯಿಸಿರಿ. ಆ ಎರಡು ಪಟ್ಟಿಗಳ ನಡುವಿನ ಅಂತರವೇ ನಮ್ಮ ಕಾಲದ ಇತಿಹಾಸ. ಮುಂದಿನ ಸಮ್ಮೇಳನದ ಸಂಚಿಕೆಯಲ್ಲಿ ಅಂತಹ ಮೂರು ಊರುಗಳ ಪಟ್ಟಿಗಳು ಅಚ್ಚಾದರೆ ನಾಡಿಗೂ ನುಡಿಗೂ ಒಟ್ಟಿಗೆ ಸೇವೆ ಸಲ್ಲಿಸಿದಂತಾಗುತ್ತದೆ.