ಪರದೇಶಿಯ ಎರಡನೆಯ ಮನೆ

ನಮ್ಮ ಆಡುಮಾತಿನಲ್ಲಿ 'ಪರದೇಶಿ' ಎಂದರೆ ಬರಿಯ ಹೊರನಾಡಿನವನಲ್ಲ, ಮನೆಮಠವಿಲ್ಲದವನು, ಹಿಂದುಮುಂದಿಲ್ಲದವನು. ಸ್ವಂತ ಊರಿನಲ್ಲಿ ಮನೆಯಿದ್ದೂ ವರ್ಷಕ್ಕೆ ನಾಲ್ಕು ತಿಂಗಳು ಇರುವುದಕ್ಕೆಂದು ಕಡಲಾಚೆ ಮತ್ತೊಂದು ಮನೆ ಕೊಳ್ಳುವವನಿಗೆ ಏನೆನ್ನಬೇಕೆಂಬುದು ನಮ್ಮ ಭಾಷೆಗೆ ಇನ್ನೂ ಹೊಳೆದಿಲ್ಲ. ಈ ಚಾಳಿ ಹಿಂದಿನಿಂದ ಅಲ್ಲಲ್ಲಿ ಇದ್ದುದೇ ಆದರೂ, ಅದು ಬಲವಾಗಿ ಬೇರೂರಿದ ನೆಲಗಳಲ್ಲಿ ಮುಖ್ಯವಾದದ್ದು ಫ್ರಾನ್ಸಿನ ತೆಂಕಣ ಕಡಲ ದಂಡೆ.

ಕೊಳ್ಳುವುದಕ್ಕೆ ಹಣವೊಂದಿದ್ದರೆ ಸಾಲದು, ಕಾಯಿದೆ ಒಪ್ಪಬೇಕು. ಫ್ರಾನ್ಸಿನ ದೊರೆಗಳಿಗೆ ಹಿಂದಿನಿಂದ ಒಂದು ಹಕ್ಕಿತ್ತು. ಪರದೇಶದವನು ಆ ನೆಲದಲ್ಲಿ ಸತ್ತರೆ ಅವನ ಸೊತ್ತು ಹೆಂಡತಿ ಮಕ್ಕಳಿಗಲ್ಲ, ಅರಸನ ಬೊಕ್ಕಸಕ್ಕೆ. 'ದ್ರುವಾ ದೋಬೆನ್' ಎಂದು ಅದರ ಹೆಸರು. ಲಾರೆನ್ಸ್ ಸ್ಟರ್ನ್ 1768ರಲ್ಲಿ ಅಚ್ಚು ಹಾಕಿಸಿದ ಪ್ರವಾಸ ಕಥನದ ಮೊದಲಲ್ಲೇ ಇದನ್ನು ಹಾಸ್ಯ ಮಾಡಿದ್ದಾನೆ: ಕ್ಯಾಲೇಯಲ್ಲಿ ಉಂಡ ಊಟ ಅರಗದೆ ಸತ್ತರೆ ತನ್ನ ಅಂಗಿ ಚಲ್ಲಣಗಳೂ ದೊರೆಯ ಪಾಲಾಗುತ್ತವೆಂದು. ಅಂಗಿಯ ಮಾತು ಹಾಗಿರಲಿ, ಮನೆ ಕಟ್ಟಿಸಲು ಯಾರಿಗೆ ಧೈರ್ಯ ಬಂದೀತು? ಮಹಾಕ್ರಾಂತಿಯ ಸಭೆ 1790ರಲ್ಲಿ ಈ ಹಕ್ಕನ್ನು ಕಿತ್ತು ಹಾಕಿತು. ನೆಪೋಲಿಯನ್ನನ 1804ರ ಸಂಹಿತೆ ಹಿಂಬಾಗಿಲಿನಿಂದ ಅದನ್ನು ಒಂದಿಷ್ಟು ಒಳಗೆ ಬಿಟ್ಟುಕೊಂಡಿತು: ನಿಮ್ಮ ದೇಶ ನಮ್ಮವರಿಗೆ ಎಷ್ಟು ಕೊಡುವುದೋ, ನಾವೂ ನಿಮಗೆ ಅಷ್ಟೇ. ಯುದ್ಧಗಳಿಂದ ಸೊರಗಿದ ದೇಶಕ್ಕೆ ಹೊರಗಿನ ಬಂಡವಾಳ ಬೇಕಾದಾಗ, 1819ರ ಜುಲೈನಲ್ಲಿ, ಆ ಕೊಡುಕೊಳೆಯ ಷರತ್ತನ್ನೂ ತೆಗೆದರು. ಅಲ್ಲಿಂದ ಮುಂದೆ ಇಂಗ್ಲಿಷಿನವನೊಬ್ಬ ಫ್ರಾನ್ಸಿನಲ್ಲಿ ಹೊಲ ಮನೆ ಕೊಂಡು ನೆಮ್ಮದಿಯಾಗಿ ಸಾಯಬಹುದಾಯಿತು.

ಹಾಗೆ ಮಾಡಿದವರಲ್ಲಿ ಪ್ರಸಿದ್ಧನಾದವನು ಲಾರ್ಡ್ ಬ್ರೂಮ್. ಹಳೆಯ ಕಾಲದ 'ಬ್ರೂಮ್' ಗಾಡಿಗೆ ಹೆಸರು ಬಂದದ್ದು ಈತನಿಂದಲೇ. 1830ರಿಂದ 1834ರವರೆಗೆ ಇಂಗ್ಲೆಂಡಿನ ಲಾರ್ಡ್ ಛಾನ್ಸಲರ್ ಆಗಿದ್ದವನು. ಗುಲಾಮಗಿರಿಯ ವಿರುದ್ಧ ವರ್ಷಗಟ್ಟಲೆ ಹೋರಾಡಿದವನು. ಎಲ್ಲವನ್ನೂ ಬಲ್ಲೆನೆಂಬ ಗರ್ವವೂ ಸಾಕಷ್ಟಿತ್ತು. ಅಧಿಕಾರ ಹೋದ ಚಳಿಗಾಲದಲ್ಲಿ ಕಾಯಿಲೆಯ ಮಗಳು ಎಲಿಯನೋರಳನ್ನು ಕರೆದುಕೊಂಡು ಇಟಲಿಗೆ ಹೊರಟ. ಹುಡುಗಿಗೆ ಆಗ ಹನ್ನೆರಡು ವರ್ಷ. ನೀಸ್ ಪಟ್ಟಣ ಆಗಿನ್ನೂ ಫ್ರಾನ್ಸಿಗೆ ಸೇರಿರಲಿಲ್ಲ, ಸಾರ್ಡಿನಿಯಾದ ದೊರೆಯದು. ಪ್ರೊವಾನ್ಸ್ ಪ್ರಾಂತದಲ್ಲಿ ಕಾಲರಾ ಕಾಣಿಸಿಕೊಂಡಿತೆಂದು ವಾರ್ ನದಿಯ ಗಡಿಕಾವಲಿನವರು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಲಾರ್ಡ್ ಛಾನ್ಸಲರ್ ಆಗಿದ್ದವನೆಂದರೆ ಕಾಲರಾ ಕೇಳುತ್ತದೆಯೇ? 1834ರ ಡಿಸೆಂಬರಿನಲ್ಲಿ ಗಾಡಿ ಹಿಂದಕ್ಕೆ ತಿರುಗಿ ಕಾನ್ ಎಂಬ ಬೆಸ್ತರ ಊರಿನಲ್ಲಿ ನಿಂತಿತು. ಮೂರು ನಾಲ್ಕು ಸಾವಿರ ಜನರ ಊರು. ಬಂದವರಿಗೆ ಇದ್ದದ್ದು ಒಂದು ಸಾಧಾರಣ ಛತ್ರ. ಅಲ್ಲಿಯ ಬಿಸಿಲೂ ಕಡಲೂ ಅವನಿಗೆ ಎಷ್ಟು ಹಿಡಿಸಿದುವೆಂದರೆ, ಮುಂದಿನ ವರ್ಷದ ಮೊದಲಲ್ಲೇ ನೆಲ ಕೊಂಡುಬಿಟ್ಟ. ಮನೆ ಎದ್ದಿತು, ಮಗಳ ಹೆಸರನ್ನೇ ಇಟ್ಟ, 'ವಿಲ್ಲಾ ಎಲಿಯನೋರ್ ಲೂಯಿಸ್'.

ಮಗಳು ಉಳಿಯಲಿಲ್ಲ. 1839ರ ನವೆಂಬರಿನಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಅವಳನ್ನು ಹೂಳಿದ್ದು ಕಾನ್‌ನಲ್ಲಿ ಅಲ್ಲ. ಲಂಡನ್ನಿನ ವಕೀಲರ ಸಂಘವಾದ ಲಿಂಕನ್ಸ್ ಇನ್ನಿನ ಪ್ರಾರ್ಥನಾ ಮಂದಿರದಲ್ಲಿ. ತಂದೆ ಮಾತ್ರ ಚಳಿಗಾಲ ಬಂದಾಗಲೆಲ್ಲ ಅವಳ ಹೆಸರಿನ ಮನೆಗೆ ಹೋಗುವುದನ್ನು ಬಿಡಲಿಲ್ಲ.

ದೊಡ್ಡವನು ಹೋದ ದಾರಿಯಲ್ಲಿ ಇತರರು ಹೋದರು. ಥಾಮಸ್ ವೂಲ್‌ಫೀಲ್ಡ್ ಎಂಬಾತ ನೆಲ ಕೊಳ್ಳುವುದು, ಮನೆ ಕಟ್ಟುವುದು, ತನ್ನ ದೇಶದವರಿಗೆ ಮಾರುವುದು, ಮತ್ತೆ ಕೊಳ್ಳುವುದು, ಇದನ್ನೇ ಹವ್ಯಾಸ ಮಾಡಿಕೊಂಡ. ಅವನ ತೋಟದ ಮಾಲಿ ಜಾನ್ ಟೇಲರ್ ಇನ್ನೂ ಜಾಣ. ಯಜಮಾನರ ವ್ಯಾಪಾರವನ್ನು ಗುಲಾಬಿ ಗಿಡಗಳ ಮರೆಯಿಂದ ನೋಡಿ ಕಲಿತನೋ ಏನೋ, 1864ರಲ್ಲಿ ತಾನೇ ಮನೆಗಳ ದಲ್ಲಾಳಿಯಾದ. ಅವನ ಹೆಸರಿನ ವ್ಯಾಪಾರ ಸಂಸ್ಥೆ ಅವನ ಕಾಲಕ್ಕೆ ಮುಗಿಯದೆ ಬಹುಕಾಲ ಬಾಳಿತು. ಅದಕ್ಕೆ ಒಂದು ವರ್ಷ ಮೊದಲೇ, 1863ರಲ್ಲಿ, ರೈಲು ಕಾನ್ ಮುಟ್ಟಿತ್ತು, ಗಿರಾಕಿಗಳಿಗೆ ಬರವಿರಲಿಲ್ಲ. ಎಲ್ಲರೂ ಬರುತ್ತಿದ್ದುದು ಚಳಿಗಾಲಕ್ಕೆ. ಬೇಸಗೆಯಲ್ಲಿ ಅದೇ ದಂಡೆಗೆ ಜನ ಮುಗಿಬಿದ್ದದ್ದು 1920ರ ದಶಕದಿಂದ ಈಚೆಗೆ.

ಇಲ್ಲಿ ನಮ್ಮ ಪಕ್ಕದ ನೀಲಗಿರಿ ನೆನಪಿಗೆ ಬರುತ್ತದೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬ್ರೂಮನಿಗಿಂತ ಹತ್ತು ಹನ್ನೆರಡು ವರ್ಷ ಮೊದಲೇ ಉದಕಮಂಡಲದಲ್ಲಿ ಕಲ್ಲಿನ ಮನೆ ಕಟ್ಟಿಸಿದ್ದ. ತಂಪು ಹುಡುಕಿದವನೊಬ್ಬ, ಬಿಸಿಲು ಹುಡುಕಿದವನೊಬ್ಬ, ಹಂಬಲ ಒಂದೇ. ಆದರೆ ತೋಡರ ಬೆಟ್ಟದಲ್ಲಿ ಸಲ್ಲಿವನ್ನನ ಬೆನ್ನಿಗೆ ಆಳುವ ಕಂಪನಿಯಿತ್ತು. ಬ್ರೂಮ್ ನೆಲ ಕೊಂಡದ್ದು ಬೇರೊಬ್ಬ ದೊರೆಯ ರಾಜ್ಯದಲ್ಲಿ, ಅಲ್ಲಿಯ ಕಾಯಿದೆಗೆ ತಲೆಬಾಗಿ. ಈ ವ್ಯತ್ಯಾಸವನ್ನು ಸಣ್ಣದೆನ್ನಲು ನನ್ನಿಂದಾಗದು.

ಬ್ರೂಮನಿಗೆ ಈ ತಲೆಬಾಗುವಿಕೆಯ ಮಿತಿ ತಿಳಿದದ್ದು 1848ರಲ್ಲಿ. ಫ್ರಾನ್ಸಿನಲ್ಲಿ ಗಣರಾಜ್ಯ ಸ್ಥಾಪನೆಯಾಯಿತು; ರಾಷ್ಟ್ರಸಭೆಗೆ ಚುನಾವಣೆ ಬಂತು. ಮನೆಯಿದೆ, ಊರಿನವರ ವಿಶ್ವಾಸವಿದೆ. ತಾನೇಕೆ ನಿಲ್ಲಬಾರದು ಎನಿಸಿ ಫ್ರೆಂಚ್ ಪೌರತ್ವಕ್ಕೆ ಅರ್ಜಿ ಹಾಕಿದ. ನ್ಯಾಯಮಂತ್ರಿ ಕ್ರೆಮ್ಯೂ ವಿನಯದಿಂದಲೇ ಉತ್ತರ ಬರೆದ: ಫ್ರೆಂಚ್ ಪ್ರಜೆಯಾಗುವವನು ಇಂಗ್ಲೆಂಡಿನ ಬಿರುದು, ಪದವಿ, ಹಕ್ಕುಗಳನ್ನೆಲ್ಲ ಬಿಟ್ಟುಬರಬೇಕು. ಎರಡು ಮನೆ ಇಟ್ಟುಕೊಳ್ಳಬಹುದು, ಎರಡು ದೇಶ ಇಟ್ಟುಕೊಳ್ಳುವಂತಿಲ್ಲ. ಲಾರ್ಡ್ ಮಹಾಶಯ ಅರ್ಜಿಯನ್ನು ಹಿಂದಕ್ಕೆ ಪಡೆದ.

1868ರ ಮೇ 7ರಂದು ಕಾನ್‌ನಲ್ಲೇ ಅವನು ಸತ್ತ. ಸಮಾಧಿ ಅಲ್ಲಿಯದೇ ಸ್ಮಶಾನದಲ್ಲಿದೆ. ಮಗಳು ಲಂಡನ್ನಿನಲ್ಲಿ, ತಂದೆ ಕಾನ್‌ನಲ್ಲಿ. ಅಷ್ಟರಲ್ಲಿ ಬೆಸ್ತರ ಊರು ಸಿರಿವಂತರ ಪಟ್ಟಣವಾಗಿತ್ತು. ಆದರೆ ಆ ಪಟ್ಟಣದ ಫ್ರೆಂಚನೊಬ್ಬ, ತಾನು ನೆಲ ಮಾರಿದ ಇಂಗ್ಲಿಷ್ ಗಿರಾಕಿಯ ದೇಶಕ್ಕೆ ಹೋಗಿ ಒಂದು ಗೇಣು ಜಮೀನಿಗೆ ಒಡೆಯನಾಗುತ್ತೇನೆಂದರೆ ಅಲ್ಲಿಯ ಕಾಯಿದೆ ಆಗಲೂ ಒಪ್ಪುತ್ತಿರಲಿಲ್ಲ. ಪರಕೀಯರೂ ತನ್ನ ನೆಲದಲ್ಲಿ ಆಸ್ತಿ ಹೊಂದಬಹುದೆಂದು ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ಮಾಡಿದ್ದು 1870ರಲ್ಲಿ, ಫ್ರಾನ್ಸ್ ಬಾಗಿಲು ತೆರೆದ ಐವತ್ತೊಂದು ವರ್ಷಗಳ ಮೇಲೆ.