ಸ್ವರಲಿಪಿಯಿಂದ ನೆಗೆಟಿವ್‌ಗೆ: ಆನ್ಸೆಲ್ ಆಡಮ್ಸ್ ಅವರ ವೃತ್ತಿಪಲ್ಲಟ

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ (1902-1984) ಅವರ ಪಿಯಾನೋ ಅಭ್ಯಾಸವನ್ನು ಬಾಲ್ಯದ ಹವ್ಯಾಸವೆಂದು ಎಣಿಸುವುದು ಸರಿಯಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹನ್ನೆರಡನೆಯ ವಯಸ್ಸಿಗೆ ಆರಂಭವಾದ ಈ ಸಾಧನೆ ಸುಮಾರು ಒಂದೂವರೆ ದಶಕ ಅವರ ಜೀವನದ ಗುರಿಯೇ ಆಗಿತ್ತು. 1916ರಲ್ಲಿ ಯೊಸೆಮಿಟಿ ಕಣಿವೆಗೆ ಒಯ್ದ ಕೊಡಕ್ ಬ್ರೌನಿ ಪೆಟ್ಟಿಗೆ ಕ್ಯಾಮೆರಾ ಆಗಿನ್ನೂ ಬರಿಯ ಜೊತೆಗಾರ. 1930ರಲ್ಲಿ ನ್ಯೂ ಮೆಕ್ಸಿಕೋದ ಟಾವೋಸ್‌ನಲ್ಲಿ ಪಾಲ್ ಸ್ಟ್ರ್ಯಾಂಡ್ ತಮ್ಮ ಕೆಲಸವನ್ನು ತೋರಿಸಿದ ಮೇಲೆ ಛಾಯಾಗ್ರಹಣವನ್ನೇ ವೃತ್ತಿಯಾಗಿಸಿಕೊಳ್ಳಲು ಆಡಮ್ಸ್ ನಿಶ್ಚಯಿಸಿದರು. ಅಲ್ಲಿ ಅವರು ಕಂಡದ್ದು ನೆಗೆಟಿವ್‌ಗಳನ್ನು, ಮುದ್ರಿತ ಚಿತ್ರಗಳನ್ನಲ್ಲ ಎಂಬುದು ಗಮನಾರ್ಹ.

ಆದರೆ ಸಂಗೀತವನ್ನು ಬಿಟ್ಟರೆಂಬ ಮಾತನ್ನು ಎಚ್ಚರದಿಂದ ಬಳಸಬೇಕು. ನೆಗೆಟಿವ್ ಸ್ವರಲಿಪಿಯಿದ್ದಂತೆ, ಮುದ್ರಣ ಅದರ ವಾದನವಿದ್ದಂತೆ ಎಂದು ಅವರು ಹೇಳುತ್ತಿದ್ದರು. ಇದು ಬರಿಯ ಉಪಮೆಯಲ್ಲ. 1941ರ ‘ಮೂನ್‌ರೈಸ್, ಹರ್ನಾಂಡೆಜ್’ ಚಿತ್ರದ ಒಂದೇ ನೆಗೆಟಿವ್‌ನಿಂದ ಅವರು ದಶಕಗಳ ಕಾಲ ಸಾವಿರಕ್ಕೂ ಮಿಕ್ಕಿ ಪ್ರತಿಗಳನ್ನು ಮುದ್ರಿಸಿದರು. ಮೊದಲ ಪ್ರತಿಗಳಲ್ಲಿ ತಿಳಿಯಾಗಿದ್ದ ಆಕಾಶ ಮುಂದಿನವುಗಳಲ್ಲಿ ಕಡುಗಪ್ಪಾಗುತ್ತ ಹೋಯಿತು. 1948ರಲ್ಲಿ ನೆಗೆಟಿವ್‌ನ ಕೆಳಭಾಗವನ್ನೇ ರಾಸಾಯನಿಕದಿಂದ ಗಾಢಗೊಳಿಸಿದರು. ಎಂದರೆ ಸ್ವರಲಿಪಿಯನ್ನೂ ತಿದ್ದಿದರು.

ಕಂಸಾಳೆಯವರ ಬಾಯಲ್ಲಿ ಮಾದೇಶ್ವರನ ಕಥೆ ಪ್ರತಿ ಹಾಡಿಕೆಯಲ್ಲೂ ಬೇರೆಯಾಗುವುದನ್ನು ಬಲ್ಲ ಜಾನಪದ ಸಂಗ್ರಾಹಕರಿಗೆ ಇದು ಅಪರಿಚಿತವಲ್ಲ. ಒಂದು ಪಠ್ಯವನ್ನು ಅಚ್ಚುಹಾಕಿ ಉಳಿದವನ್ನು ಪಾಠಾಂತರಗಳೆಂದು ಪುಟದಡಿಗೆ ತಳ್ಳುವ ನಮ್ಮ ರೂಢಿಯನ್ನು (ಅದು ನಮ್ಮಲ್ಲೇ ಎಷ್ಟು ಸರಿ ಎಂಬುದು ಬೇರೆ ಮಾತು) ಆಡಮ್ಸ್‌ರ ಪ್ರತಿಗಳ ಮೇಲೆ ಹೇರಲಾಗದು. ಗ್ರಂಥಾಲಯಗಳು ಈ ಚಿತ್ರವನ್ನು ದಾಖಲಿಸುವಾಗ ನೆಗೆಟಿವ್‌ನ ವರ್ಷದೊಡನೆ ಮುದ್ರಣದ ವರ್ಷವನ್ನೂ ನಮೂದಿಸಬೇಕು. ಇಲ್ಲವಾದರೆ ಆ ಕಪ್ಪು ಆಕಾಶ 1941ರದೇ ಎಂದು ಸಂಶೋಧಕ ಭಾವಿಸಿಯಾನು.